ಮೇಲಕ್ಕೆ ಒತ್ತಿದ್ರೆ ಆನ್

…ಅದು ಬ್ಯಾಡ ಅಂದೆನಲ್ಲ ಅರುಣಾ! ಕೆಳಗಿಡು, ಗಾಜು ಒಡೆದೀಯ. ಅದು ಟ್ರ್ಯಾಕ್ಟರ್ ಲೈಟು ಕಣಮ್ಮ. ನೀನು ಕೇಳಿದ್ದು ಇಮಾನ ಕೆಳಗೆ ಇಳಿಯೋವಾಗ ಮುಂದಕ್ಕೆ ಬೆಳಕು ಬೀಳೋದು ತಾನೆ? ಈ ಎಲ್‌ಇಡಿ ತಗೋ. ಕರೆಂಟು ಕಮ್ಮಿ ತಿಂತದೆ, ಬಿಸಿನೂ ಕಮ್ಮಿ. ಇದಕ್ಕಿಂತ ಅಗ್ಗದ್ದೂ ಐತೆ, ಆದ್ರೆ ಅದನ್ನ ಆಕಿದ್ರೆ ರೇಡಿಯೋ ಒಳಗೆ ಗೊರ್‌ಗೊರ್ ಅಂತದೆ, ಒಂದು ಮಾತೂ ಕೇಳ್ಸಾಕಿಲ್ಲ. ಬರ್ಕೋ. ಎಡಗಡೆ ರೆಕ್ಕೆಗೆ ಕೆಂಪು ಲೈಟು, ಬಲಗಡೆಗೆ ಅಸಿರು, ಬಾಲಕ್ಕೆ ಬಿಳೀದು…

ಯಾಕೆ ನಗ್ತೀಯ? ಬಂಗಾರಪೇಟೆಯಾಗೆ ಡೈನಮೋ, ಪೋಂ ಪೋಂ ಅನ್ನೋ ಆರನ್ನು ರಿಪೇರಿ ಮಾಡೋ ಮುದುಕನಿಗೆ ಇದೆಲ್ಲ ಎಂಗೆ ಗೊತ್ತು ಅಂತಾನಾ? ನಿನ್ನ ಗಂಡನಿಗೆ ವೈರು ಸುಲಿಯೋದು ಕಲಿಸಿದ್ದೇ ಈ ಮುನಿನಾರಾಯಣಪ್ಪ! ಅವನ ಸೋದರಮಾವ! ಕೆಜಿಎಫ್ ಚಾಂಪಿಯನ್ ರೀಫ್ಸ್ ಗಣಿ ಲ್ಯಾಂಪ್ ರೂಮಿನಾಗೆ ಅದಿನೈದು ವರ್ಷ ಇದ್ದೋನು ನಾನು. ಗಣಿಗೆ ಇಳಿಯೋ ಒಬ್ಬೊಬ್ಬನ ತಲೆದೀಪಾನೂ ನನ್ನ ಕೈ ದಾಟೇ ಓಗಬೇಕಿತ್ತು. ನನ್ನ ದೀಪ ಒಳಗೆ ಆರೋಯ್ತು ಅಂತ ಮೇಲೆ ಬಂದು ಬೈದೋನು ಒಬ್ಬ ಇಲ್ಲ. ಒಬ್ಬನೂ ಇಲ್ಲ!

ಸರಿ, ಬಿಡು. ಇನ್ನೇನೈತೆ ಚೀಟಿನಾಗೆ? …ಇದು ಅಶ್ವಥ್ ಬರೆದಿದ್ದಲ್ಲ. ನಿನ್ನ ಅಕ್ಷರ. ಅವನು ಯೋಳೋದು, ನೀನು ಬರೆಯೋದಾ? ಅಬ್ಬಬ್ಬಾ! ಮಂಚದ ಮೇಲೆ ಮಲಕ್ಕೊಂಡು ಇನ್ನೊಂದು ಇಮಾನ ಕಟ್ತಾನಾ ನಿನ್ನ ಗಂಡ? ಬೂದಿಕೋಟೆ ಬಯಲಾಗೆ ಬಿದ್ದು ಸೊಂಟ ಮುರ್ಕೊಂಡು ಎಂಟು ತಿಂಗಳಾಯ್ತು, ಆಸೆ ಮಾತ್ರ ಮುರೀಲಿಲ್ಲ!

ಕೋಪ ಮಾಡ್ಕೋಬ್ಯಾಡ. ಇರೋದು ಯೋಳ್ತೀನಿ. ನಿಮ್ಮತ್ತೆ ಕನಕಮ್ಮ ಬಂದಿದ್ಲು, ನನ್ನ ತಂಗಿ, ಅವಳೇ ಅಂದ್ಲು. ಫ್ಯಾನ್ ಸ್ವಿಚ್ಚು ದಿಂಬಿನ ಪಕ್ಕದಾಗೇ ಐತಂತೆ. ಕೈ ಎರಡೂ ನೆಟ್ಟಗಿವೆ. ಆದ್ರೂ ಮುಟ್ಟಾಕಿಲ್ವಂತಲ್ಲ? “ಅರುಣಾ, ಫ್ಯಾನ್ ಆಕು… ಅರುಣಾ, ಲೈಟ್ ಆರ್ಸು…” ನೀನು ಅತ್ತಲಾಗೆ ಓಗಿದ್ರೆ ಬೆವರ್ತಾ ಅಂಗೇ ಬಿದ್ದಿರ್ತಾನಂತೆ. ಹ್ಹ ಹ್ಹ! ಮನೆ ಸ್ವಿಚ್ಚು ಮುಟ್ಟಾಕೆ ಎದರ್ಕೊಳ್ಳೋ ಗಂಡಸು ಇಮಾನದ ಸ್ವಿಚ್ಚು ಮುಟ್ತಾನಾ?

ಏನು? …ಅದಕ್ಕೇ ಬಂದಿದ್ದಾ? …ಓ. ಇಮಾನ ಗಿಮಾನ ಆಮೇಲೆ. ಮೊದಲು ಬಿದ್ದ ಇಮಾನದ ಅಳೇ ಸ್ವಿಚ್ ಬೋರ್ಡು ಸರಿ ಮಾಡಿ, ಬ್ಯಾಟ್ರಿ ಕೊಟ್ಟು, ನಾಕು ಲೈಟು ಕಟ್ಟಿ ಅವನ ತೊಡೆ ಮೇಲೆ ಇಡ್ತೀಯ. ಅವನೇ ಒಂದೊಂದು ಒತ್ತಲಿ, ಒಂದೊಂದು ಉರೀಲಿ ಅಂತ. ಕೈ ಮೇಲೆ ನಂಬಿಕೆ ಬರಲಿ ಅಂತ… ಒಳ್ಳೇ ಡಾಕ್ಟ್ರು ನೀನು! ನಾನಾದ್ರೆ ಅದನ್ನ ಗುಜರಿಗೆ ಆಕ್ತಿದ್ದೆ.

ಬೋರ್ಡು ತಂದೇ ಬಿಟ್ಟಿದ್ದೀಯಾ? ಆ ಟವಲಿನಾಗಾ? ಪೊಲೀಸರು ಯಾವಾಗ ವಾಪಸ್ ಕೊಟ್ರು? …ನಿನ್ನೇನಾ. ಇರ್ಲಿ, ಇಲ್ಲಿ ಬಿಚ್ಚಬ್ಯಾಡ, ಗಿರಾಕಿ ಬರೋ ಒತ್ತು… ಬಿಚ್ಚಿದ್ಯಾ. ಸರಿ.

ನೋಡು. ಆರು ಸ್ವಿಚ್ಚು. ಏನೂ ಆಗಿಲ್ಲ ಇವಕ್ಕೆ. ಒಳ್ಳೇ ಮಾಲು, ನಾನೇ ಆರಿಸಿದ್ದು. ಎಲ್ಲಕ್ಕೂ ಕರೆಂಟು ಬಿಡೋ ಮಾಸ್ಟ್ರು, ಇಳಿಯೋ ಲೈಟು, ರೆಕ್ಕೆ ಲೈಟು, ಮಿಣಮಿಣ ಲೈಟು, ರೇಡಿಯೋ, ಕೊನೇದು ಪೆಟ್ರೋಲ್ ಪಂಪು. ಐದೂ ಮೇಲಕ್ಕವೆ. ಪಂಪಿಂದು ಒಂದೇ ಕೆಳಗೆ. ಕೆಳಗೆ ಅಂದ್ರೆ ಆಫು. ಪೊಲೀಸರೂ ಇದನ್ನೇ ಬರೆದಿದ್ದು, ಬೆಂಗಳೂರಿಂದ ಬಂದಿದ್ದ ಸಾಹೇಬರೂ ಇದನ್ನೇ ಬರೆದಿದ್ದು. ಅಶ್ವಥ್ ಪಂಪು ಆನ್ ಮಾಡೋದು ಮರೆತ. ಮೇಲಕ್ಕೆ ಓದ ಮೇಲೆ ಇಂಜಿನ್ನಿಗೆ ಪೆಟ್ರೋಲು ಸಾಲ್ಲಿಲ್ಲ, ಕೆಮ್ಮಿ ಕೆಮ್ಮಿ ನಿಂತೋಯ್ತು. ಇದರಾಗೆ ಇನ್ನೇನು ಉಡುಕ್ತೀಯ?

ಅವನು ಒತ್ತಿದೆ ಅಂತಾನಾ? ಈಗಲೂ? …ಓ, ಈಗ ಅನ್ನಲ್ವಾ. “ಒತ್ತಿದೆ ಅಂತ ನೆನಪು, ಆದ್ರೆ ನನ್ನ ನೆನಪೇ ಸುಳ್ಳಿರಬೇಕು” ಅಂತಾನಾ. ಆಮಾ ಔದು, ಅದೇ ಸರಿ. ಎಲ್ರೂ ಕಣ್ಣಾರೆ ನೋಡಿದ ಮೇಲೆ ಅವನ ನೆನಪು ಇಟ್ಕೊಂಡು ಏನು ಮಾಡ್ತೀಯ?

ಸೊಕ್ಕು ಕಣಮ್ಮ. ಸೊಕ್ಕು ಅವನನ್ನ ಕೆಡವಿದ್ದು. ಬೇಜಾರಾದ್ರೂ ಕೇಳು. ಮೊದಲನೇ ಸಲ ನಾನು ಆರು ಸ್ವಿಚ್ಚೂ ನಮ್ಮ ಮನೆ ಥರಾನೇ ಕೂರಿಸಿದ್ದೆ. ಕೆಳಕ್ಕೆ ಒತ್ತಿದ್ರೆ ಆನು. ನಮ್ಮ ಕೈಗೆ ಅದೇ ತಾನೆ ಅಭ್ಯಾಸ? ಅವತ್ತು ಬಯಲಾಗೆ ಅರ್ಧ ಬೂದಿಕೋಟೆ ನೆರೆದಿತ್ತು. ಪಂಚಾಯ್ತಿ ಮೆಂಬರು ಮುನೀಂದ್ರ ಇದ್ದ, ನನ್ನ ಬೀಗರಿದ್ರು. ಅಷ್ಟು ಜನದ ಮುಂದೆ ಏನಂದ ಗೊತ್ತಾ ನಿನ್ನ ಗಂಡ? “ಮಾವ, ಇಮಾನದಾಗೆ ಮೇಲಕ್ಕೆ ಒತ್ತಿದ್ರೆ ಆನು. ಇದೇನು ಬೋರ್‌ವೆಲ್ ಮೋಟ್ರು ಬೋರ್ಡಾ?” ಅಂದ. ಜನ ಓ ಅಂತ ನಕ್ಕರು. ನೀನೂ ನಕ್ಕಿದ್ದೆ! ನಾನು ನೋಡಿದ್ದೀನಿ, ಸೆರಗು ಬಾಯಿಗೆ ಇಟ್ಕೊಂಡು ನಕ್ಕೆ! ಅಷ್ಟು ಜನದ ಮುಂದೆ ತಲೆ ಬಗ್ಗಿಸ್ಕೊಂಡು ಆರನ್ನೂ ಬಿಚ್ಚಿ ತಿರುಗಿಸಿ ಕೂರಿಸ್ದೆ. ಅಷ್ಟಕ್ಕೇ ಬಿಟ್ನಾ? ಟೆಸ್ಟ್ ಲ್ಯಾಂಪ್ ಇಡ್ಕೊಂಡು ಒಂದೊಂದೂ ಚೆಕ್ ಮಾಡ್ದ. ನನ್ನ ಕೆಲಸಾನ! ನನ್ನ ಕೈ ಇಡ್ಕೊಂಡು ಬೆಳೆದೋನು!

ಆಮೇಲೆ ನಿನ್ನ ಉಗುರುಬಣ್ಣದ ನಾಟಕ ಬೇರೆ. ನಟ್ಟು ಅಳ್ಳಾಡಿದ್ರೆ ಗೊತ್ತಾಗಲಿ ಅಂತ ಒಂದೊಂದು ನಟ್ಟಿಗೂ, ಕೆಳಗಿನ ವಾಷರಿಗೂ, ಬೋರ್ಡಿಗೂ ಸೇರಿಸಿ ಒಂದು ಕೆಂಪು ಗೀಟು. ಎಂಡ್ತಿ ಶೀಶೆ ತಂದು! ಎಂಗಸರ ಅಲಂಕಾರ ಮಾಡ್ತಿದ್ದಾನೆ ಇಮಾನಕ್ಕೆ ಅಂದೆ ನಾನು. ಯಾರೂ ನಗ್ಲಿಲ್ಲ. ನಾನು ಯೋಳಿದ್ರೆ ಯಾರೂ ನಗಾಕಿಲ್ಲ.

ಆ ದಿನಾನಾ? ಆ ದಿನ ಬೆಳಗ್ಗೆ ನಾನು ಇಳಿಯೋ ಲೈಟಿನ ವೈರು ಸಡ್ಲ ಆಗಿತ್ತು ಅಂತ ಬೋರ್ಡು ಬಿಚ್ಚಿದ್ದೆ. ನಿಜ. ಎಲ್ರಿಗೂ ಗೊತ್ತಿರೋದೇ. ವಾಪಸ್ ಕೂರಿಸ್ದೆ. ಅಶ್ವಥ್ ಬಂದ. “ಮಾವ, ಪಂಪ್ ಸ್ವಿಚ್ ನೋಡಿದ್ರಾ?” ಅಂದ. “ನೋಡ್ದೆ ಕಣ್ಲಾ” ಅಂದೆ. ಅಷ್ಟೇ. ಕಾಲಿಗೆ ಬಿದ್ದ, ಇಮಾನ ಅತ್ತಿದ. ಅವತ್ತು ಟೆಸ್ಟ್ ಲ್ಯಾಂಪ್ ತೆಗೀಲೇ ಇಲ್ಲ ನೋಡು! ಯಾಕೆ ಅಂತ ಆಸ್ಪತ್ರೆಯಾಗೆ ನಂಗೇ ಯೋಳಿದ. “ಒಂದು ಸಲ ಜನದ ಮುಂದೆ ನಿಮ್ಮ ಕೆಲಸ ಚೆಕ್ ಮಾಡಿ ನೋವು ಮಾಡ್ದೆ ಮಾವ, ಇನ್ನೊಂದು ಸಲ ಬ್ಯಾಡ ಅಂತ ಬಿಟ್ಟೆ” ಅಂದ. ನೋಡಿದ್ದೀಯಾ ಇಂಥಾ ದಡ್ಡನ್ನ? ದೊಡ್ಡೋರು ಯೋಳಿದ್ರು ಅಂತ ಪಂಪು ಚೆಕ್ ಮಾಡ್ದೆ ಮೇಲಕ್ಕೆ ಆರೋನು ಆಕಾಶದಾಗೆ ಇರಬಾರ್ದು. ಮಂಚದ ಮೇಲೇ ಇರಬೇಕು.

ಅಂಗೆ ನೋಡಬ್ಯಾಡ. ನಾನು ಮಾಡಿದ್ದು ಮರೆತ್ಯಾ? ಬಿದ್ದಾಗ ಎಲ್ಲರಿಗಿಂತ ಮೊದಲು ಓಡಿದ್ದು ಯಾರು? ಮುನೀಂದ್ರನೂ ಅವನ ಜನಾನೂ ಅಶ್ವಥ್‌ನ ಎಳೆದು ಆಚೆ ಮಲಗಿಸ್ತಿದ್ರೆ, ಒಳಗೆ ಕೈ ಆಕಿ ಬ್ಯಾಟ್ರಿ ವೈರು ಕಿತ್ತಿದ್ದು ಯಾರು? ಪೆಟ್ರೋಲು ಸುರೀತಿತ್ತು. ಒಂದು ಕಿಡಿ ಸಿಡಿದಿದ್ರೆ ಎಲ್ರೂ ಬೂದಿ! ಅವನು ಆಚೆ ಮಲಕ್ಕೊಂಡು “ಮಾವ… ಮಾವ…” ಅಂತಿದ್ದ. ನಾನು ಒಳಗೇ ಇದ್ದೆ. ಬ್ಯಾಟ್ರಿ ಪಕ್ಕ… ಎಷ್ಟೊತ್ತು? ಒಂದು ನಿಮಿಷ. ಎರಡು ನಿಮಿಷ. ಬ್ಯಾಟ್ರಿ ವೈರು ಕೀಳಾಕೆ ಎಷ್ಟೊತ್ತು ಬೇಕು ಅಂತ ನೀನು ನನ್ನ ಕೇಳ್ತೀಯಾ?

ಏನು, ವಾಷರಾ? …ಊಂ, ಪಂಪಿನ ಸ್ವಿಚ್ಚಿಗೆ ವಾಷರಿಲ್ಲ. ಕಂಡೆ. ಬಿದ್ದ ಏಟಿಗೆ ಉದುರಿರ್ತದೆ. ಅದಿಲ್ದೆ ಜೋಡಿಸಬ್ಯಾಡ, ಕೇಳು, ಇದು ಮುಖ್ಯ. ವಾಷರಿಗೆ ಗರಗಸದ ಅಲ್ಲಿನಂಗೆ ಒಂದು ಮೊನೆ ಇರ್ತದೆ, ಅದು ಬೋರ್ಡಿನ ತೂತಿನಾಗೆ ಕೂರ್ತದೆ. ಅದಿದ್ರೆ ಸ್ವಿಚ್ಚು ಅಲ್ಲಾಡಾಕಿಲ್ಲ. ಇಲ್ದಿದ್ರೆ ಬರೀ ಕೈಯಾಗೆ ಇಡೀ ಸ್ವಿಚ್ಚು ತಿರುಗ್ತದೆ. ಮೇಲಿದ್ದ ಕಡ್ಡಿ ಕೆಳಕ್ಕೆ ಬತ್ತದೆ, ಕೆಳಗಿದ್ದದ್ದು ಮೇಲಕ್ಕೆ… ಒಳಗೆ ಆಫು ಆಫೇ ಆಗಿರ್ತದೆ, ಆಚೆಯಿಂದ ನೋಡೋನಿಗೆ…

ಇರು, ಒಂದು ಕೊಡ್ತೀನಿ. ಡ್ರಾಯರಿನಾಗೆ ಬಿದ್ದಿರ್ತದೆ. ಇದು ದಪ್ಪ… ಇದು ಆರನ್ನಿಂದು… ಆಂ, ಇದು. ತಗೋ. ಸರ್ಯಾಗಿ ಕೂರ್ತದೆ, ಕಣ್ಮುಚ್ಕೊಂಡು ಆಕು.

ಏನಾಯ್ತು?

ಯಾಕೆ, ಕೂರ್ಲಿಲ್ವಾ? …ಕೂತಿದೆಯಲ್ಲ, ಮತ್ತೇನು? ಏನು ನೋಡ್ತೀಯ ಅದರಾಗೆ? ಕೆಂಪಾ? ತುಕ್ಕು ಕಣಮ್ಮ, ತುಕ್ಕು. ಅಳೇ ಮಾಲು. …ಉಗುರು ಪಕ್ಕ ಯಾಕೆ ಇಡ್ತೀಯ? ಬಣ್ಣ ಅಂದ್ರೆ ಎಲ್ಲಾ ಕೆಂಪೂ ಒಂದೇನಾ? ಊರಿಗೆಲ್ಲ ನೀನೊಬ್ಬಳೇ ಬಣ್ಣ ಅಚ್ಕೊಳ್ಳೋದಾ?

ಬೋರ್ಡಿನ ಮೇಲೆ ಅರ್ಧ ಗೀಟು ಐತೆ. ಸರಿ. ವಾಷರಿನ ಮೇಲೆ ಇನ್ನರ್ಧ… ಅದು… ಬಯಲಾಗೆ ಸಿಕ್ಕಿತ್ತು. ಆಮೇಲೆ, ಉಲ್ಲಿನಾಗೆ. ಎತ್ತಿಟ್ಕೊಂಡಿದ್ದೆ, ಕೊಡೋಣ ಅಂತ. ಅಲ್ಲ, ಆಗ್ಲೇ ಉದುರಿತು ಅಂದೆ ಅಲ್ವಾ… ಅಂದೆ. ಅದೇ. ಉದುರಿದ್ದು ಸಿಕ್ತು…

ಅರುಣಾ. ಆ ವಾಷರು ಇತ್ತ ಕೊಡು.

ನಾನು ಬೀಳಲಿ ಅಂತ ಮಾಡ್ಲಿಲ್ಲ. ನಿಮ್ಮತ್ತೆ ಆಣೆಗೂ. ಪಂಪು ಇಲ್ದಿದ್ರೂ ಇಮಾನ ಒಂದು ಸುತ್ತು ಆರ್ತದೆ ಅಂತ ಅವನೇ ಅಂದಿದ್ದ. ಇಂಜಿನ್ ಎರಡು ಸಲ ಕೆಮ್ಮಲಿ, ಕೆಳಗಿಳಿಸ್ಲಿ, ಜನದ ಮುಂದೆ ತಲೆ ಕೆರ್ಕೊಂಡು ನಿಲ್ಲಲಿ, ಆಗ ನಾನು ಅದೇ ಜನದ ಮುಂದೆ ಓಗಿ ಸರಿ ಮಾಡಿ… ಒಂದೇ ಸ್ವಿಚ್ಚು. ವಾಷರು ತೆಗೆದು ಒಂದನ್ನೇ ನಮ್ಮ ಮನೆ ಥರ ತಿರುಗಿಸಿದ್ದು, ಮೇಲಕ್ಕೆ ಒತ್ತಿದ್ರೆ ಆಫ್ ಆಗಲಿ ಅಂತ. ನಗ್ಲಿ ಅಂತ. ಅವನನ್ನ ನೋಡೀನೂ ಒಂದು ಸಲ ನಗ್ಲಿ ಜನ ಅಂತ.

ಫೋನ್ ಯಾಕೆ ತೆಗೀತೀಯ? ಯಾರಿಗೆ? ಪೊಲೀಸರಿಗೆ ಮಾಡ್ಕೋ, ಮಾಡು. ಅವನಿಗೆ ಬ್ಯಾಡ. ಆಸ್ಪತ್ರೆಯಾಗೆ ನನ್ನ ಕೈ ಇಡ್ಕೊಂಡು ಅತ್ತೋನು ಅವನು, “ನಿಮ್ಮ ಎಸರು ಕೆಡಿಸ್ದೆ ಮಾವ” ಅಂತ… ಅವನಿಗೆ ಬ್ಯಾಡ ಕಣಮ್ಮ!

…ರಿಂಗ್ ಆಗ್ತೈತಾ. ಸ್ಪೀಕರ್ ಆಕಿದ್ಯಾ. ನೀನು ಯೋಳಾಕಿಲ್ಲ, ನನ್ನ ಬಾಯಾಗೇ ಬರಬೇಕು.

ಅಶ್ವಥ್… ಊಂ ಕಣ್ಲಾ, ಮಾವ. ಅಂಗಡಿಯಾಗೇ ಅವಳೆ, ಚೆನ್ನಾಗವಳೆ. ಅಶ್ವಥ್… ಅವತ್ತು ನಾನು ಒಳಗೆ ಕೈ ಆಕಿ ಪಂಪಿನ ಸ್ವಿಚ್ಚು ಕೆಳಕ್ಕೆ ತಿರುಗಿಸೋ ಮುಂಚೆ… ನೀನು ಒತ್ತಿದ್ದೆ ಕಣ್ಲಾ. ಮೇಲಕ್ಕೇ ಇತ್ತು.