ದಿನಕ್ಕೆ ಇಪ್ಪತ್ತು ರೂಪಾಯಿ

ಚನ್ನಪಟ್ಟಣದ ರೈಲು ನಿಲ್ದಾಣದಲ್ಲಿ ಗವಿಸಿದ್ದಯ್ಯ ಕೂತಿದ್ದ ಬೆಂಚಿಗೇ, ಬೊಂಬೆ ಕಾರ್ಖಾನೆಯ ಕೆಲಸ ಮುಗಿಸಿದ ಇಬ್ಬರು ಹೆಂಗಸರು ಬಂದು ಕೂತರು. ಅವನು ಕಣ್ಣು ಮುಚ್ಚಿಕೊಂಡಿದ್ದರೂ ಕಿವಿ ಅತ್ತಲೇ ಇತ್ತು. ಕಿರಿಯವಳು ದೊಡ್ಡವಳ ಫೋನು ಇಸಿದುಕೊಂಡು ನೋಡುತ್ತಿದ್ದಳು.

“ಶಿವಲಕ್ಷ್ಮಕ್ಕ, ಈ ಉಳಿತಾಯದ ಆ್ಯಪಲ್ಲಿ ದಿನಾ ಇಪ್ಪತ್ತು ರೂಪಾಯಿ ಹಾಕ್ತಿದ್ದೀಯಲ್ಲ, ತಿಂಗಳು ತಿಂಗಳೂ ಚಾರ್ಜ್ ಹಿಡ್ಕತಾವ್ರೆ ನೋಡು.”

“ಒಸಿ ಹಿಡ್ಕತಾರೆ ಕಣೆ ನಯನ.”

“ನನ್ನಂಗೆ ಇಂಡೆಕ್ಸ್ ಫಂಡಿಗೆ ಹಾಕು. ದೊಡ್ಡ ದೊಡ್ಡ ಕಂಪನಿ ಎಲ್ಲದ್ರಲ್ಲೂ ಒಸಿ ಪಾಲು ಸಿಗ್ತದೆ, ಖರ್ಚೂ ಕಮ್ಮಿ. ತಿಂಗಳಿಗೊಂದ್ಸಲ ಆರುನೂರು ಹೋಯ್ತದೆ, ಅಷ್ಟೇಯ.”

“ಅದೇ ಆಗಕಿಲ್ಲ.”

“ಯಾಕೆ? ಎರಡೂ ಒಂದೇ ದುಡ್ಡಲ್ವಾ?”

“ಆರುನೂರು ಒಂದೇ ಸಲ ಹೋದ್ರೆ ನಿಮ್ಮ ಭಾವ ಮೆಸೇಜ್ ನೋಡಿ, ಯಾರ್ಗೆ ಕೊಟ್ಟೆ ಅಂತಾರೆ. ಇಪ್ಪತ್ತಾದ್ರೆ ಟೀ ಕುಡುದ್ಲು ಅನ್ಕತಾರೆ.”

ನಯನ ಆ್ಯಪಿನಲ್ಲಿ ಕೂಡಿದ್ದ ಮೊತ್ತ ನೋಡಿದಳು.

“ಆ ದುಡ್ಡಲ್ಲಿ ಏನ್ ಮಾಡೀಯಕ್ಕ?”

“ಬೊಂಬೆ ಮಾಡೋ ಮಿಷಿನ್ ಒಂದು ತಕ್ಕತೀನಿ. ನನ್ ಹೆಸ್ರಲ್ಲಿ.”

ಗವಿಸಿದ್ದಯ್ಯ ಕಣ್ಣು ಬಿಟ್ಟ. ರೈಲು ಬರುತ್ತಿತ್ತು. ನಯನ ಫೋನನ್ನು ಶಿವಲಕ್ಷ್ಮಿಯ ಕೈಗಿಟ್ಟು ಎದ್ದಳು.

“ಹಂಗಾರೆ ಆ್ಯಪೇ ಇರ್ಲಿ ಬುಡಕ್ಕ. ಮಿಷಿನ್ ಬಂದ್ಮ್ಯಾಕೆ ನನ್ನೂ ಕೆಲ್ಸಕ್ಕೆ ಕರ್ಕೊ.”

“ಬಾ, ಬಾ. ಕೂಲಿ ಮಾತ್ರ ಆಮೇಲೆ ಮಾತಾಡಾವ.”

ಇಬ್ಬರೂ ನಗುತ್ತಾ ಹೆಂಗಸರ ಬೋಗಿ ಹತ್ತಿಕೊಂಡರು.