ಹನ್ನೊಂದು ಸೆಕೆಂಡಿನ ಮೌನ

ಸಭೆಯ ಅಧ್ಯಕ್ಷರೇ, ನನ್ನ ಕಿರುಚಿತ್ರಕ್ಕೆ ಬಹುಮಾನ ಕೊಟ್ಟ ತೀರ್ಪುಗಾರರೇ, ದೀಪದ ಈಚೆ ನಿಂತ ನನಗೆ ಮುಖ ಕಾಣಿಸದ ಸಭಿಕರೇ,

ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳನ್ನು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನಾನು ಮೆಟ್ಟಿಲು ಹತ್ತುವಾಗ ಅಮ್ಮ ಬಾಯಾರಿಕೆಯೆಂದು ಅಕ್ಕನ ಜೊತೆ ಹೊರಗೆ ಹೋದಳು. ಅವಳು ಬರುವಷ್ಟರಲ್ಲಿ ಒಂದು ಮಾತು ಮುಗಿಸಬೇಕು. ಬಾಗಿಲ ಕಡೆಗೇ ನೋಡುತ್ತಾ ಮಾತಾಡುತ್ತೇನೆ, ಕ್ಷಮಿಸಿ.

ಅಮ್ಮ ಬಟ್ಟೆ ಹೊಲಿಯುತ್ತಾಳೆ. ಬಟ್ಟೆಗೆ ಗುರುತು ಹಾಕುವ ಅವಳ ಹಲ್ಲುಚಕ್ರವನ್ನು ಹಳೆಯ ಫಿಲ್ಮಿನ ಮೇಲೆ ಉರುಳಿಸಿ ತೂತು ಮಾಡಿದೆ. ಚಿತ್ರದಲ್ಲಿರುವ ಬೆಳಕಿನ ಚುಕ್ಕೆಗಳು ಅವೇ. "ಶಾಲೆ ಅರ್ಧಕ್ಕೆ ಬಿಟ್ಟೆ, ಇದನ್ನಾದ್ರೂ ಮುಗಿಸೇ" ಎಂದು ಚಕ್ರ ಕೊಟ್ಟವಳೂ ಅವಳೇ. ಶಬ್ದಕ್ಕೆಂದು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ರೆಕಾರ್ಡರ್ ಇಟ್ಟೆ. ಆರಿಸಲು ಮರೆತೆ.

ಮರುದಿನ ಕೇಳಿದರೆ, ಯಂತ್ರ ನಿಂತ ಮೇಲೆ ಅಮ್ಮನ ದನಿ. ತನಗೆ ತಾನೇ ಪಾಠ ಒಪ್ಪಿಸುತ್ತಿದ್ದಳು. ಮನೆ ನಂಬರು ಹೇಳಿದಳು. ಇವತ್ತು ಯಾವ ವಾರವೆಂದು ಹೇಳಿದಳು. ಅಕ್ಕನ ಹೆಸರು ಹೇಳಿದಳು. ಆಮೇಲೆ, "ಚಿಕ್ಕವಳು... ಚಿಕ್ಕವಳ ಹೆಸರು..." ಅಷ್ಟೇ. ಹನ್ನೊಂದು ಸೆಕೆಂಡು ಏನೂ ಇಲ್ಲ. ಮತ್ತೆ ಯಂತ್ರ ಶುರು.

ಚಿಕ್ಕವಳು ನಾನು.

ಅದನ್ನು ಹಾಗೇ ಚಿತ್ರಕ್ಕೆ ಸೇರಿಸಿದೆ. ಆ ಮೌನವನ್ನು ತೀರ್ಪುಗಾರರು ದಿಟ್ಟ ಪ್ರಯೋಗ ಎಂದು ಬರೆದಿದ್ದಾರೆ. ದನಿ ಕೊಟ್ಟ ನಟಿ ಯಾರೆಂದೂ ಕೇಳಿದರು. ಪ್ರಯೋಗವಲ್ಲ ಸ್ವಾಮಿ, ಅದು ಕಳ್ಳತನ. ತನಗೆ ಹೀಗಾಗುತ್ತಿರುವುದು ಯಾರಿಗೂ ತಿಳಿದಿಲ್ಲ ಎಂದೇ ಅಮ್ಮ ನಂಬಿದ್ದಾಳೆ. ಈಗ ಇಲ್ಲಿ ಚಿತ್ರ ಹಾಕಿ, ಆ ಹನ್ನೊಂದು ಸೆಕೆಂಡನ್ನು ಇಷ್ಟು ಜನರ ನಡುವೆ ಅವಳಿಗೆ ಕೇಳಿಸಲು ನಾನ್ಯಾರು?

ಆಗಲೇ ನಿರೂಪಕರು ನನ್ನ ಹೆಸರು ಕರೆದಾಗ ಅಮ್ಮನೂ ಚಪ್ಪಾಳೆ ತಟ್ಟಿದಳು. ತಟ್ಟುತ್ತಾ, ಯಾರು ಏಳುತ್ತಾರೋ ಎಂದು ಹಿಂದೆ ತಿರುಗಿ ನೋಡಿದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ.

ಮಾಡದ ತಪ್ಪಿಗೆ ಕ್ಷಮಾಪಣೆ ಬರೆಯಲು ಒಪ್ಪದೆ ಶಾಲೆ ಬಿಟ್ಟವಳು ನಾನು. ಇವತ್ತು ನಿಮ್ಮೆಲ್ಲರಿಂದ ಒಂದು ಸುಳ್ಳು ಬೇಡುತ್ತಿದ್ದೇನೆ. ಪ್ರೊಜೆಕ್ಟರ್ ಹತ್ತಿರ ಕೂತಿರುವ ಅಣ್ಣ, ಚಿತ್ರ ಹಾಕಬೇಡಿ. ಅವಳು ಕೇಳಿದರೆ ಯಂತ್ರ ಕೆಟ್ಟಿದೆ ಅನ್ನಿ. ಬಹುಮಾನ ವಾಪಸು ತೆಗೆದುಕೊಳ್ಳಿ. ಇದನ್ನೂ ಅರ್ಧಕ್ಕೇ ಬಿಟ್ಟೆ ಎಂದು ಅವಳು ಬೈಯಲಿ. ಹೆಸರು ಹಿಡಿದು ಬೈದರೆ ಸಾಕು.

ಬಾಗಿಲು ತೆರೆಯಿತು. ಅಕ್ಕನಿಗಿಂತ ಮುಂದೆ ಬಂದು ಅಮ್ಮ ತನ್ನ ಸಾಲು ಹುಡುಕುತ್ತಿದ್ದಾಳೆ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ.

ಮೂರನೇ ಸಾಲಮ್ಮಾ, ಅಲ್ಲೇ. ನಾನು ಇಲ್ಲಿದ್ದೀನಿ. ನಾನು, ಚಿಕ್ಕವಳು.

ಕೇಳಿಸಿಕೊಂಡ ಎಲ್ಲರಿಗೂ ವಂದನೆ. ನಮಸ್ಕಾರ.