ಮುಟ್ಟದೆ ಇಟ್ಟ ಕಾಫಿ

ಮಾನ್ಯ ನಿರ್ದೇಶಕರಾದ ಡಾ. ಹಿಕ್ಮತ್ ಅವರೇ, ನಮ್ಮನ್ನು ಅಗಲಿದ ಡಾ. ರಬೀಹಾ ಅವರ ತಂಗಿ ಸುಹೈಲಾ ಅವರೇ, ಮರಳುಗಾಡಿನ ಗುಡಾರಗಳಿಂದ ಇಷ್ಟು ದೂರ ಬಂದಿರುವ ತಾಯಂದಿರೇ, ಸಹೋದ್ಯೋಗಿ ಬಂಧುಗಳೇ — ಎಲ್ಲರಿಗೂ ಸಲಾಂ. ದೇವರು ನಮ್ಮೆಲ್ಲರಿಗೂ ಸಮಾಧಾನ ಕೊಡಲಿ.

ನಾನು ನಾಯಿಫ್, ಪಶುವೈದ್ಯ. ಮರಳುಗಾಡಿನ ನಮ್ಮ ಪ್ರಯೋಗಾಲಯದಲ್ಲಿ ರಬೀಹಾ ಮನುಷ್ಯರ ರಕ್ತ ತೆಗೆಯುತ್ತಿದ್ದರು, ನಾನು ಮೇಕೆಗಳದ್ದು. “ನಿನ್ನ ರೋಗಿಗಳೇ ವಾಸಿ ಕಣೋ. ಒದೀತಾವೆ ಅಷ್ಟೇ, ವಾದ ಮಾಡಲ್ಲ” ಅನ್ನುತ್ತಿದ್ದರು.

ಬಾಗಿಲಲ್ಲಿ ಎಲ್ಲರಿಗೂ ಕಹಿ ಕಾಫಿ ಕೊಟ್ಟರು. ನನ್ನ ಬಟ್ಟಲು ಇಲ್ಲೇ ಇದೆ, ಮೇಜಿನ ಮೇಲೆ, ತುಂಬಿದ ಹಾಗೇ. ಮುಂದಿನ ಸಾಲಿನವರು ಆಗಲೇ ನೋಡಿ ಪಿಸುಗುಟ್ಟುತ್ತಿದ್ದೀರಿ. ತಾಳಿ — ಅಲ್ಲಿಗೇ ಬರುತ್ತೇನೆ.

ರಬೀಹಾ ಅವರ ಹೆಸರು ಜಗತ್ತಿಗೆ ಗೊತ್ತಾದದ್ದು ಮಾಲ್ಟಾ ಜ್ವರದ ಮೇಲಿನ ಅವರ ಮೊದಲ ಲೇಖನದಿಂದ. ಹಸಿ ಹಾಲಿನಿಂದ ಬರುವ ಆ ಜ್ವರ ನಮ್ಮ ಗುಡಾರಗಳಲ್ಲಿ ಎಷ್ಟು ಬೇರೂರಿದೆ, ಗರ್ಭಿಣಿಯರಿಗೆ ಏನು ಮಾಡುತ್ತದೆ — ಎಲ್ಲವೂ ಅದರಲ್ಲಿತ್ತು. ಜಪಾನಿನವರು ಉಲ್ಲೇಖಿಸಿದರು, ಬ್ರೆಜಿಲಿನವರು ಉಲ್ಲೇಖಿಸಿದರು, ಉಲ್ಲೇಖಗಳು ಸಾವಿರ ದಾಟಿದವು. ಆ ದಿನ ಕುನಾಫಾ ಸಿಹಿ ತರಿಸಿ ಹಂಚಿದೆವು. ತರಿಸಿದವರು ಡಾ. ಹಿಕ್ಮತ್, ಹೆಚ್ಚು ತಿಂದವರೂ ಅವರೇ. ನಗಿ, ಪರವಾಗಿಲ್ಲ — ರಬೀಹಾ ಇದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದರು.

ಆದರೆ ಅವತ್ತು ಅವರು ನಗಲಿಲ್ಲ. ಸಿಹಿಯನ್ನೂ ಮುಟ್ಟಲಿಲ್ಲ. “ನನ್ನ ಲೇಖನಾನ ಪ್ರಪಂಚವೆಲ್ಲ ಓದ್ತು, ನಾಯಿಫ್. ಆ ಹಾಲು ಕುಡಿಯೋರಿಗೆ ಮಾತ್ರ ಮುಟ್ಟಲಿಲ್ಲ. ಉಮ್ ಶ್ಲಾಶ್ ಸೊಸೆ ಮತ್ತೆ ಮಗು ಕಳ್ಕೊಂಡ್ಲು” ಅಂದರು.

ಉಮ್ ಶ್ಲಾಶ್ ಇಲ್ಲೇ ಕೂತಿದ್ದಾರೆ. ಅಮ್ಮಾ, ಅಪ್ಪಣೆ ಇದ್ದರೆ ಹೇಳಿಬಿಡುತ್ತೇನೆ — ಹಾಲು ಕಾಯಿಸಿ ಅಂತ ನಾವು ಭಾಷಣ ಮಾಡಿದೆವು, ಭಿತ್ತಿಪತ್ರ ಅಂಟಿಸಿದೆವು. ಅವರು ನಮ್ಮ ಕೈಗೆ ಆಗಷ್ಟೇ ಕರೆದ ಹಾಲು ಕೊಟ್ಟು ಹೇಳಿದ್ದೇನು? “ಕಾಯಿಸಿದ ಹಾಲು ಹಾಸಿಗೆ ಹಿಡಿದೋರಿಗೆ ಕಣಮ್ಮ. ಬಂದ ಅತಿಥಿಗೆ ಅದನ್ನ ಕೊಟ್ಟರೆ ನಾಳೆ ನಾಲ್ಕು ಜನ ನನ್ನ ಮುಖಕ್ಕೆ ಉಗೀಬೇಕಾ?” ಅದು ಮಾನದ ಮಾತು. ಮಾನದ ಮುಂದೆ ನಮ್ಮ ಭಿತ್ತಿಪತ್ರ ಯಾವ ಲೆಕ್ಕ?

ಮರು ವಸಂತಕ್ಕೆ ಆ ಸೊಸೆ ಮತ್ತೆ ಗರ್ಭಿಣಿ. ನಾವು ಹೋದೆವು. ನಾನು ಗುಡಾರದ ಬಾಯಲ್ಲಿ ಮೇಕೆಯೊಂದರ ಕೊಂಬು ಹಿಡಿದು ನಿಂತಿದ್ದೆ. ಉಮ್ ಶ್ಲಾಶ್ ಕಾಫಿ ಬಗ್ಗಿಸಿ ಕೊಟ್ಟರು. ರಬೀಹಾ ತೆಗೆದುಕೊಂಡರು — ಹೀಗೆ — ಕಂಬಳಿಯ ಮೇಲೆ ಇಟ್ಟರು. ಮುಟ್ಟಲಿಲ್ಲ.

ಅದರ ಅರ್ಥ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಕಾಫಿ ಮುಟ್ಟದೆ ಕೂತ ಅತಿಥಿ ಏನೋ ಬೇಡಲು ಬಂದಿದ್ದಾನೆ, ಅದನ್ನು ಕೊಡದೆ ಕಳಿಸಿದರೆ ಮನೆಯ ಮಾನ ಹೋಯಿತು. ಆದರೆ ಅದು ಗಂಡಸರ ಪದ್ಧತಿ — ಹೆಣ್ಣು ಕೇಳಲು ಬಂದ ಹಿರಿಯರು, ಜಗಳದ ರಾಜಿಗೆ ಬಂದ ಹಿರಿಯರು ಮಾಡುವಂಥದ್ದು. ಹೆಂಗಸೊಬ್ಬಳು ಹಾಗೆ ಬಟ್ಟಲು ಇಟ್ಟದ್ದನ್ನು ನಾನು ಕಂಡೇ ಇರಲಿಲ್ಲ.

“ಕುಡಿಯೇ ಮಗಳೇ, ಆರಿಹೋಗತ್ತೆ.”

“ಆರಲಿ ಬಿಡಿ.”

“ಏನ್ ಬೇಕೇ ನಿಂಗೆ? ನನ್ನ ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಹೋದ್ರು. ಕೇಳೋಕೆ ನಿಂಗೊಬ್ಬ ತಮ್ಮನೂ ಇಲ್ಲ!”

“ನಿಮ್ಮ ಸೊಸೆ ಹೊಟ್ಟೇಲಿರೋ ಮಗು ಬೇಕಮ್ಮಾ. ಅಳ್ತಾ ಕಿರುಚ್ತಾ ಹುಟ್ಟಬೇಕು ಅದು. ಹಾಲು ಉಕ್ಕಿ ಬರೋ ತನಕ ಕಾಯ್ಸಿ. ಮನೆಯವರಿಗೂ, ಬಂದೋರಿಗೂ ಅದನ್ನೇ ಕೊಡಿ. ಮೊದಲು ನಂಗೆ ಕೊಡಿ.”

ಉಮ್ ಶ್ಲಾಶ್ ಸೊಸೆಯ ಕಡೆ ನೋಡಿದರು. ಆಮೇಲೆ — “ಕುಡಿ. ಕೊಟ್ಟೆ” ಅಂದರು.

ಆ ಮಗು ಅಗೋ, ಅಜ್ಜಿಯ ತೊಡೆಯ ಮೇಲೆ ಕೂತು ನಿರ್ದೇಶಕರ ಪೆನ್ನು ಕಸಿದುಕೊಳ್ಳುತ್ತಿದೆ. ಕೊಡಬೇಡ ಕಂದಾ, ಇಟ್ಟುಕೋ.

ಅಲ್ಲಿಂದ ರಬೀಹಾ ಗುಡಾರ ಗುಡಾರಕ್ಕೂ ಹೋಗಿ ಬಟ್ಟಲು ಕೆಳಗಿಟ್ಟು ಕೂತರು. ಕೊಟ್ಟ ಮಾತನ್ನು ಯಾರೂ ಮುರಿಯಲಿಲ್ಲ. ಇದನ್ನೇ ಎರಡನೆಯ ಲೇಖನವಾಗಿ ಬರೆದರು. ಅದನ್ನು ಉಲ್ಲೇಖಿಸಿದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬ ನಾನೇ!

ಈಗ ನಮ್ಮ ಸಂಸ್ಥೆಯ ಸಮಿತಿ ಹೇಳುತ್ತಿದೆ — ಉಲ್ಲೇಖ ಕಡಿಮೆ, ಪ್ರಭಾವ ಕಡಿಮೆ, ರಬೀಹಾ ಕೂಡ ಇಲ್ಲ, ಮರಳುಗಾಡಿನ ಆ ಪ್ರಯೋಗಾಲಯ ಮುಚ್ಚೋಣ ಅಂತ. ಸ್ವಾಮಿ, ಕಾಯಿಸಿದ ಹಾಲಿಗೆ ಗುಡಾರಗಳಲ್ಲಿ ಈಗ ‘ರಬೀಹಾ ಹಾಲು’ ಅಂತಲೇ ಹೆಸರು. ದಿನಕ್ಕೆ ಎರಡು ಹೊತ್ತು ಅವರನ್ನು ಉಲ್ಲೇಖಿಸುತ್ತಾರೆ. ಅದನ್ನು ಯಾವ ಸಮಿತಿ ಎಣಿಸುತ್ತದೆ? ಪೂರ್ವದ ಕಣಿವೆಯ ಗುಡಾರಗಳಿಗೆ ನಾವಿನ್ನೂ ಹೋಗಿಯೇ ಇಲ್ಲ. ಅಲ್ಲಿಯೂ ಸೊಸೆಯಂದಿರಿದ್ದಾರೆ.

ಡಾ. ಹಿಕ್ಮತ್ ಅವರೇ, ಸಭೆ ತಮ್ಮದು, ಕಾಫಿಯೂ ತಮ್ಮದು. ನನ್ನ ಬಟ್ಟಲು ಇಲ್ಲಿದೆ. ಏನು ಬೇಕು ಅಂತ ತಾವು ಕೇಳಬೇಕು. —

ಕೇಳಿದಿರಿ, ದೊಡ್ಡ ಮನಸ್ಸು. ಆ ಪ್ರಯೋಗಾಲಯದ ಬಾಗಿಲು ಮುಚ್ಚಬಾರದು. ಅಷ್ಟೇ.

ಅವಸರವಿಲ್ಲ. ಆರಲಿ ಬಿಡಿ. —

ಏನಂದಿರಿ? ಹಿಂದಿನ ಸಾಲಿಗೆ ಕೇಳಿಸಲಿಲ್ಲ. —

“ಕುಡಿ” ಅಂದರು! ಉಮ್ ಶ್ಲಾಶ್, ನೀವೇ ಸಾಕ್ಷಿ. ಇಗೋ, ಕುಡಿದೆ.

ತಣ್ಣಗೆ ಕೊರೆಯುತ್ತಿದೆ. ನಮ್ಮ ರಬೀಹಾ ಇಂಥದ್ದನ್ನು ಎಷ್ಟು ಗುಡಾರಗಳಲ್ಲಿ ಕುಡಿದರೋ.

ಈಗ ನಿಮ್ಮ ಕೈಯಲ್ಲಿರುವ ಬಟ್ಟಲುಗಳನ್ನು ಒಂದು ಗಳಿಗೆ ಕೆಳಗಿಡಿ. ಅವರಿಗಾಗಿ ಎಲ್ಲರೂ ಎದ್ದು, ಮಾತಿಲ್ಲದೆ ನಿಲ್ಲೋಣ.